ರಾತ್ರಿಯ ಅಯಾನುಗೋಳವನ್ನು ರೇಡಾರ್‌ನಲ್ಲಿ ಓದುವುದು ಹೇಗೆ

ಎಂಎಸ್ಸಿ ಪ್ರಾಜೆಕ್ಟ್‌ಗೋ ಪಿಎಚ್‌ಡಿ ಮೊದಲ ವರ್ಷಕ್ಕೋ ರಾತ್ರಿಯ ಅಯಾನುಗೋಳ (ಮೇಲಿನ ವಾಯುಮಂಡಲದಲ್ಲಿ ಪ್ಲಾಸ್ಮಾ, ಅಂದರೆ ಅಯಾನು ಮತ್ತು ಎಲೆಕ್ಟ್ರಾನ್‌ಗಳ ಅನಿಲ, ಇರುವ ಭಾಗ) ಎಂಬ ವಿಷಯ ಸಿಕ್ಕಿದವರು ಸಾಮಾನ್ಯವಾಗಿ ಮೊದಲು ಬಣ್ಣಬಣ್ಣದ ಒಂದು ರೇಡಾರ್ ಚಿತ್ರ ತೆರೆಯುತ್ತಾರೆ. ಕೆಂಪಗೆ ಕಂಡದ್ದೆಲ್ಲ ಪ್ಲಾಸ್ಮಾ ಗುಳ್ಳೆ (ಕೆಳಗಿನಿಂದ ಮೇಲಕ್ಕೆ ನುಗ್ಗಿದ ತೆಳು ಪ್ಲಾಸ್ಮಾದ ಜಾಗ) ಅಂತ ತೀರ್ಮಾನಿಸಿಬಿಡುತ್ತಾರೆ. ಹಾಗಲ್ಲ. ರೇಡಾರ್‌ಗೆ ಗುಳ್ಳೆ ಕಾಣುವುದೇ ಇಲ್ಲ. ಗುಳ್ಳೆ ಹತ್ತಾರು ಕಿಲೋಮೀಟರ್ ಅಗಲ, ನೂರಾರು ಕಿಲೋಮೀಟರ್ ಎತ್ತರ ಇರುತ್ತದೆ. 53 ಮೆಗಾಹರ್ಟ್ಸ್ ರೇಡಾರ್‌ಗೆ ಕಾಣುವುದು ಅದರೊಳಗೆ ಎದ್ದಿರುವ 2.8 ಮೀಟರ್ ಅಲೆಗಳು ಮಾತ್ರ.

ಲೆಕ್ಕ ಸುಲಭ. ರೇಡಾರ್ ಕಳಿಸುವ ಅಲೆಯ ಉದ್ದದಲ್ಲಿ ಅರ್ಧದಷ್ಟು ಉದ್ದದ, ಪ್ಲಾಸ್ಮಾ ಸಾಂದ್ರತೆಯ ಏರಿಳಿತಗಳು ಮೇಲೆ ಸಾಲಾಗಿ ಇದ್ದಾಗ, ಒಂದೊಂದರಿಂದ ಹಿಂದಿರುಗಿದ ಅಲೆಗಳೂ ಒಂದೇ ಹೆಜ್ಜೆಯಲ್ಲಿ ಬಂದು ಸೇರುತ್ತವೆ. ಆಗ ಜೋರಾದ ಎಕೋ ಸಿಗುತ್ತದೆ. ಬೇರೆ ಅಳತೆಯ ಏರಿಳಿತಗಳಿಂದ ಬಂದದ್ದು ಒಂದನ್ನೊಂದು ಕೊಂದುಕೊಳ್ಳುತ್ತದೆ. 53 ಮೆಗಾಹರ್ಟ್ಸ್ ಅಂದರೆ 5.66 ಮೀಟರ್ ಅಲೆ, ಅದರ ಅರ್ಧ 2.83. ರೇಡಾರ್ 30 ಮೆಗಾಹರ್ಟ್ಸ್‌ನದಾದರೆ 5 ಮೀಟರ್, 18ರದಾದರೆ 8 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಈ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್‌ನ ಮೊದಲ ಪುಟದಲ್ಲೇ ಬರೆದಿಡಿ. ಮುಂದೆ ಬರುವ ಗೊಂದಲಗಳಲ್ಲಿ ಅರ್ಧಕ್ಕರ್ಧ ಇದನ್ನು ಮರೆತದ್ದರಿಂದಲೇ ಬರುತ್ತವೆ.

ಮೇಲೆ ಏನಾಗುತ್ತಿದೆ

ಬೇಗ ಹೇಳಿ ಮುಗಿಸುತ್ತೇನೆ. ಹೊತ್ತು ಮುಳುಗಿದ ಮೇಲೆ 100–120 ಕಿ.ಮೀ. ಎತ್ತರದ ಇ ಪದರ ಬೇಗ ಬರಿದಾಗುತ್ತದೆ. ಅಲ್ಲಿರುವುದು ಅಣುಗಳ ಅಯಾನು, ಅವು ಎಲೆಕ್ಟ್ರಾನ್ ಸಿಕ್ಕ ತಕ್ಷಣ ಕೂಡಿಕೊಳ್ಳುತ್ತವೆ. ಮೇಲಿನ ಎಫ್ ಪದರದಲ್ಲಿ ಇರುವುದು ಬಹುಪಾಲು ಆಮ್ಲಜನಕದ ಪರಮಾಣು ಅಯಾನು, ಅವು ಅಷ್ಟು ಸುಲಭವಾಗಿ ಕರಗುವುದಿಲ್ಲ. ಹಾಗಾಗಿ ಎಫ್ ಪದರದ ತಳದಲ್ಲಿ ಸಾಂದ್ರತೆ ಕಡಿದಾಗಿ ಏರುತ್ತದೆ. ಅದೇ ಹೊತ್ತಿಗೆ, ಹಗಲಿಡೀ ಪೂರ್ವಕ್ಕೆ ಇದ್ದ ವಿದ್ಯುತ್ ಕ್ಷೇತ್ರ ಪಶ್ಚಿಮಕ್ಕೆ ತಿರುಗುವ ಮೊದಲು ಸ್ವಲ್ಪ ಹೊತ್ತು ಇನ್ನಷ್ಟು ಬಲವಾಗುತ್ತದೆ. ಅದು ಇಡೀ ಪದರವನ್ನು ಸೆಕೆಂಡಿಗೆ ಹತ್ತಾರು ಮೀಟರ್ ವೇಗದಲ್ಲಿ ಮೇಲಕ್ಕೆ ಎತ್ತುತ್ತದೆ. ಈಗ ದಟ್ಟ ಪ್ಲಾಸ್ಮಾ ಮೇಲೆ, ತೆಳು ಪ್ಲಾಸ್ಮಾ ಕೆಳಗೆ. ಎಣ್ಣೆಯ ಮೇಲೆ ನೀರು ಸುರಿದಂಥ ಸ್ಥಿತಿ. ಸಣ್ಣ ಕದಲಿಕೆ ಸಾಕು, ಕೆಳಗಿನ ತೆಳು ಪ್ಲಾಸ್ಮಾ ಮೇಲಕ್ಕೆ ನುಗ್ಗುತ್ತದೆ. ಇದಕ್ಕೆ ರೇಲಿ–ಟೇಲರ್ ಅಸ್ಥಿರತೆ ಕಾರಣ ಎಂದು ಡಂಜಿ 1956ರಲ್ಲೇ ಸೂಚಿಸಿದ್ದರು. ಪದರ ಎತ್ತರಕ್ಕೆ ಹೋದಷ್ಟೂ ಗಾಳಿಯ ಜೊತೆ ಡಿಕ್ಕಿ ಕಡಿಮೆ, ಗುಳ್ಳೆ ಬೆಳೆಯುವ ವೇಗ ಜಾಸ್ತಿ. ಗುಳ್ಳೆಯ ಗೋಡೆಗಳು ಕಡಿದಾದಂತೆ ಅಲ್ಲಿ ಇನ್ನೂ ಸಣ್ಣ ಅಲೆಗಳು ಹುಟ್ಟುತ್ತವೆ, ಅವುಗಳಿಂದ ಮತ್ತೂ ಸಣ್ಣವು. ಹೀಗೆ ಇಳಿಯುತ್ತ ಇಳಿಯುತ್ತ 3 ಮೀಟರ್‌ಗೆ ಬಂದಾಗ ನಮ್ಮ ರೇಡಾರ್‌ಗೆ ಕೆಲಸ.

ಇದನ್ನು ಮೊದಲು ಗುರುತಿಸಿದ್ದು ಪೆರುವಿನ ಹುವಾಂಕಾಯೊದಲ್ಲಿ. 1938ರಲ್ಲಿ ಬೂಕರ್ ಮತ್ತು ವೆಲ್ಸ್ ಅಲ್ಲಿನ ಅಯನೋಸೋಂಡ್ (ನೆಲದಿಂದ ರೇಡಿಯೊ ಅಲೆ ಕಳಿಸಿ ಪದರದ ಎತ್ತರ ಅಳೆಯುವ ಉಪಕರಣ) ದಾಖಲೆಗಳಲ್ಲಿ ರಾತ್ರಿ ಹೊತ್ತು ಎಫ್ ಪದರದ ಗೆರೆ ಚೆದುರಿಹೋಗುವುದನ್ನು ವರದಿ ಮಾಡಿದರು. ರೇಡಾರ್ ಚಿತ್ರ ಈಗಿನ ರೂಪಕ್ಕೆ ಬಂದದ್ದು 1976ರಲ್ಲಿ, ವುಡ್‌ಮನ್ ಮತ್ತು ಲಾ ಹೋಸ್ ಲೀಮಾ ಹತ್ತಿರದ ಹಿಕಾಮಾರ್ಕಾ ರೇಡಾರ್‌ನಿಂದ ಎತ್ತರ ಮತ್ತು ಸಮಯದ ನಕ್ಷೆ ಬಿಡಿಸಿ ಮೇಲಕ್ಕೆ ಚಿಮ್ಮಿದ ಪ್ಲೂಮ್‌ಗಳನ್ನು (ಹೊಗೆಯ ಕಂಬದಂಥ ಎಕೋಗಳನ್ನು) ತೋರಿಸಿದಾಗ. ಇವತ್ತಿಗೂ ಎಲ್ಲರೂ ಬಿಡಿಸುವುದು ಅದೇ ನಕ್ಷೆ.

ಯಾವ ರೇಡಾರ್

ಮೂರರ ಬಗ್ಗೆ ತಿಳಿದಿದ್ದರೆ ಸದ್ಯಕ್ಕೆ ಸಾಕು. ಮೊದಲನೆಯದು ಹಿಕಾಮಾರ್ಕಾ. 50 ಮೆಗಾಹರ್ಟ್ಸ್, 18,432 ಡೈಪೋಲ್‌ಗಳು (ಸರಳ ಆಂಟೆನಾಗಳು), ಒಂದು ಬದಿಗೆ ಸುಮಾರು 300 ಮೀಟರ್‌ನ ಚೌಕ, ಕಾಂತೀಯ ಸಮಭಾಜಕದ (ಭೂಮಿಯ ಕಾಂತರೇಖೆಗಳು ನೆಲಕ್ಕೆ ಸಮಾನಾಂತರವಾಗುವ ಗೆರೆಯ) ಮೇಲೆಯೇ ಕೂತಿದೆ. ಎರಡನೆಯದು ನಮ್ಮ ಪಕ್ಕದ್ದು. ತಿರುಪತಿಯ ಹತ್ತಿರದ ಗಾದಂಕಿಯ ಎಂಎಸ್‌ಟಿ (ಮೀಸೋಸ್ಫಿಯರ್–ಸ್ಟ್ರಾಟೋಸ್ಫಿಯರ್–ಟ್ರೋಪೋಸ್ಫಿಯರ್) ರೇಡಾರ್. ಇದು 53 ಮೆಗಾಹರ್ಟ್ಸ್‌ನದು. 1,024 ಯಾಗಿ ಆಂಟೆನಾಗಳು 130 ಮೀಟರ್ ಚೌಕದಲ್ಲಿವೆ, ಬೀಮ್ ಅಗಲ ಸುಮಾರು 3 ಡಿಗ್ರಿ. ರಾಷ್ಟ್ರೀಯ ವಾಯುಮಂಡಲ ಸಂಶೋಧನಾ ಪ್ರಯೋಗಾಲಯ ಇದನ್ನು ನಡೆಸುತ್ತದೆ. ಅದೇ ಆವರಣದಲ್ಲಿ 30 ಮೆಗಾಹರ್ಟ್ಸ್‌ನ ಇನ್ನೊಂದು ರೇಡಾರ್ ಇದೆ. ಪೂರ್ವ–ಪಶ್ಚಿಮಕ್ಕೆ ಅಗಲವಾಗಿ ಸ್ಕ್ಯಾನ್ ಮಾಡುವುದಕ್ಕೆ, ಅಯಾನುಗೋಳಕ್ಕೆಂದೇ ಕಟ್ಟಿದ್ದು. ಮೂರನೆಯದು ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಕೊಟೊತಬಾಂಗ್‌ನಲ್ಲಿದೆ. 47 ಮೆಗಾಹರ್ಟ್ಸ್‌ನದು, 2001ರಲ್ಲಿ ಶುರುವಾಯಿತು. ಬೀಮನ್ನು ಬಹಳ ಬೇಗ ಬೇಗ ತಿರುಗಿಸಬಲ್ಲದು, ಹಾಗಾಗಿ ಗುಳ್ಳೆ ಎಲ್ಲಿ ಹುಟ್ಟಿತು ಅಂತ ಹುಡುಕುವವರಿಗೆ ಅದರ ಡೇಟಾ ಬಂಗಾರ.

ಮನೆ ಮಹಡಿ ಮೇಲೆ ಇಂಥದ್ದೊಂದು ಕಟ್ಟೋಣ ಅನ್ನುವ ಆಸೆ ಇದ್ದರೆ ಬಿಟ್ಟುಬಿಡಿ. ಲೈಸೆನ್ಸ್ ಮಾತು ಹಾಗಿರಲಿ, ಕಿಲೋವಾಟ್‌ಗಟ್ಟಲೆ ಪವರ್ ಮತ್ತು ಎಕರೆಗಟ್ಟಲೆ ಆಂಟೆನಾ ಬೇಕು. ಉಳಿದದ್ದನ್ನೆಲ್ಲ ಗಾದಂಕಿಯನ್ನೇ ಉದಾಹರಣೆ ಇಟ್ಟುಕೊಂಡು ಹೇಳುತ್ತೇನೆ.

ಬೀಮ್ ಎಲ್ಲಿಗೆ ತಿರುಗಿಸಬೇಕು

ಇಲ್ಲಿ ತಪ್ಪಿದರೆ ರಾತ್ರಿಯಿಡೀ ಕೂತರೂ ಏನೂ ಸಿಗುವುದಿಲ್ಲ. ಪ್ಲಾಸ್ಮಾ ಸಾಂದ್ರತೆಯ ಈ ಏರುಪೇರುಗಳು ಭೂಮಿಯ ಕಾಂತರೇಖೆಯ ಉದ್ದಕ್ಕೂ ಚಾಚಿಕೊಂಡಿರುತ್ತವೆ. ರೇಖೆಯ ಉದ್ದಕ್ಕೆ ಹೋದರೆ ಸಾಂದ್ರತೆ ಹೆಚ್ಚುಕಡಿಮೆ ಒಂದೇ, ಅಡ್ಡಕ್ಕೆ ಹೋದರೆ ಏರಿಳಿತ. ಹಾಗಾಗಿ ಬೀಮ್ ಕಾಂತರೇಖೆಗೆ ಲಂಬವಾಗಿ ತಾಗಿದಾಗ ಮಾತ್ರ ಎಕೋ ವಾಪಸ್ ಬರುತ್ತದೆ. 3 ಮೀಟರ್ ಅಲೆಗಳ ವಿಷಯದಲ್ಲಿ ಈ ನಿಯಮ ಬಹಳ ಕಟ್ಟುನಿಟ್ಟು. ಲಂಬ ಬರುವ ಜಾಗ ನಿಮ್ಮ ಬೀಮ್‌ನ ಅಗಲದೊಳಗೆ ಇರಲೇಬೇಕು.

ಹಿಕಾಮಾರ್ಕಾದಲ್ಲಿ ಕಾಂತರೇಖೆ ನೆಲಕ್ಕೆ ಬಹುತೇಕ ಸಮಾನಾಂತರ, ಹಾಗಾಗಿ ಬೀಮ್ ಬಹುತೇಕ ನೆತ್ತಿಗೆ. ಗಾದಂಕಿಯಲ್ಲಿ ಹಾಗಲ್ಲ. ಅಲ್ಲಿ ರೇಖೆ ಉತ್ತರಕ್ಕೆ ಹೋಗುತ್ತ ನೆಲದ ಕಡೆಗೆ ಬಾಗುತ್ತದೆ. ಎಷ್ಟು ಬಾಗುತ್ತದೋ ಅಷ್ಟೇ ಕೋನ ಬೀಮನ್ನು ಉತ್ತರಕ್ಕೆ ವಾಲಿಸಬೇಕು. ಎಫ್ ಪದರಕ್ಕೆ ಇದು ಸುಮಾರು 14 ಡಿಗ್ರಿ ಬರುತ್ತದೆ. ಸರಿಯಾದ ಕೋನವನ್ನು ಹಳೇ ಪೇಪರ್‌ನಿಂದ ಎತ್ತಿಕೊಳ್ಳಬೇಡಿ. ಭೂಮಿಯ ಕಾಂತಕ್ಷೇತ್ರ ವರ್ಷವರ್ಷಕ್ಕೆ ಸರಿಯುತ್ತಿರುತ್ತದೆ. ಆ ಕ್ಷೇತ್ರವನ್ನು ಲೆಕ್ಕ ಹಾಕಿ ಕೊಡುವ ಐಜಿಆರ್‌ಎಫ್ ಮಾದರಿ ಐದು ವರ್ಷಕ್ಕೊಮ್ಮೆ ಹೊಸದಾಗುತ್ತದೆ. ಅದರಿಂದ ನಿಮ್ಮ ದಿನಾಂಕ ಕೊಟ್ಟು, 100, 300, 500 ಕಿ.ಮೀ. ಎತ್ತರಗಳಿಗೆ ಬೇರೆ ಬೇರೆಯಾಗಿ ಲೆಕ್ಕ ಹಾಕಿ. ಎತ್ತರಕ್ಕೆ ತಕ್ಕಂತೆ ಕೋನ ಸ್ವಲ್ಪ ಬದಲಾಗುತ್ತದೆ ಅನ್ನುವುದು ಆಗ ನಿಮಗೇ ಕಾಣುತ್ತದೆ. ಉತ್ತರ ಅಂದಾಗ ಕಾಂತೀಯ ಉತ್ತರವೋ ಭೌಗೋಳಿಕ ಉತ್ತರವೋ ಅಂತಲೂ ನೋಡಿಕೊಳ್ಳಿ. ಭಾರತದಲ್ಲಿ ಎರಡರ ನಡುವೆ ಅಂತರ ತುಂಬಾ ಕಡಿಮೆ. ಬ್ರೆಜಿಲ್‌ನಲ್ಲಿ 20 ಡಿಗ್ರಿ ದಾಟುವ ಜಾಗಗಳಿವೆ.

ಬೀಮ್ ವಾಲಿದೆ ಅಂದ ಮೇಲೆ ರೇಡಾರ್ ಕೊಡುವ ದೂರವೇ ಎತ್ತರ ಅಲ್ಲ, ಅಲ್ವಾ? 14 ಡಿಗ್ರಿಗೆ ದೂರವನ್ನು 0.97ರಿಂದ ಗುಣಿಸಿ. 600 ಕಿ.ಮೀ. ದೂರ ಅಂದರೆ ಸುಮಾರು 582 ಕಿ.ಮೀ. ಎತ್ತರ. ಭೂಮಿಯ ಬಾಗುವಿಕೆ ಇನ್ನೊಂದೆರಡು ಕಿ.ಮೀ. ಸೇರಿಸುತ್ತದೆ.

ಇನ್ನೊಂದು ಲೆಕ್ಕ ಜನ ಮಾಡುವುದೇ ಇಲ್ಲ, ನನ್ನ ಪ್ರಕಾರ ಗಾದಂಕಿ ಡೇಟಾ ಓದುವವರಿಗೆ ಅದೇ ಮುಖ್ಯ. ಗಾದಂಕಿ ಕಾಂತೀಯ ಸಮಭಾಜಕದಿಂದ 6 ಡಿಗ್ರಿಗೂ ಸ್ವಲ್ಪ ಹೆಚ್ಚು ಉತ್ತರಕ್ಕಿದೆ. ಗುಳ್ಳೆ ಮೇಲೇರುವುದು ಸಮಭಾಜಕದ ಮೇಲೆ, ಆದರೆ ಅದು ಇಡೀ ಕಾಂತರೇಖೆಯ ಉದ್ದಕ್ಕೂ ಹರಡಿರುತ್ತದೆ. ನಿಮ್ಮ ಬೀಮ್‌ನಲ್ಲಿ 300 ಕಿ.ಮೀ. ಎತ್ತರದಲ್ಲಿ ಹಾದುಹೋಗುವ ರೇಖೆಯನ್ನೇ ಹಿಡಿದು ದಕ್ಷಿಣಕ್ಕೆ ಹೋದರೆ, ಸಮಭಾಜಕದ ಮೇಲೆ ಅದು ಸುಮಾರು 400 ಕಿ.ಮೀ. ಎತ್ತರದಲ್ಲಿ ಇರುತ್ತದೆ. ಅಂದರೆ ಅಲ್ಲಿ 350 ಕಿ.ಮೀ. ತನಕ ಮಾತ್ರ ಏರಿ ನಿಂತುಹೋದ ಗುಳ್ಳೆ ಗಾದಂಕಿಯಲ್ಲಿ 300ಕ್ಕೆ ಬರುವುದೇ ಇಲ್ಲ. ಅದೇ ರಾತ್ರಿ ಕಾಂತೀಯ ಸಮಭಾಜಕದ ಹತ್ತಿರವಿರುವ ತಿರುವನಂತಪುರದ ಅಯನೋಸೋಂಡ್‌ನಲ್ಲಿ ಗೆರೆ ಚೆದುರಿರಬಹುದು, ನಿಮ್ಮ ನಕ್ಷೆ ಖಾಲಿ ಇರಬಹುದು. ಎರಡೂ ಸರಿಯೇ.

ಯಾವಾಗ ಕೂರಬೇಕು

ನೆಲದ ಮೇಲೆ ಸೂರ್ಯ ಮುಳುಗಿದ ಸಮಯ ನೋಡಿಕೊಂಡು ರೇಡಾರ್ ಶುರು ಮಾಡುವವರಿದ್ದಾರೆ. ತೊಂದರೆ ಇಲ್ಲ, ಆದರೆ ಮೇಲೆ ಇನ್ನೂ ಬಿಸಿಲಿರುತ್ತದೆ. ವಿಷುವದ (ಹಗಲು–ರಾತ್ರಿ ಸಮವಾಗುವ ದಿನದ) ಹತ್ತಿರ, ನಮ್ಮ ಅಕ್ಷಾಂಶದಲ್ಲಿ, 105 ಕಿ.ಮೀ. ಎತ್ತರದಲ್ಲಿ ಸೂರ್ಯ ಮುಳುಗುವುದು ನೆಲಕ್ಕಿಂತ ಸುಮಾರು 40 ನಿಮಿಷ ತಡವಾಗಿ, 300 ಕಿ.ಮೀ. ಎತ್ತರದಲ್ಲಿ ಸುಮಾರು 70 ನಿಮಿಷ ತಡವಾಗಿ. ಮಾರ್ಚ್ ಕೊನೆಯಲ್ಲಿ ಗಾದಂಕಿಯಲ್ಲಿ ಆರೂಕಾಲು ದಾಟಿದ ಮೇಲೆ ಹೊತ್ತು ಮುಳುಗುತ್ತದೆ. ಎಕೋಗಳು ಶುರುವಾಗುವುದು ಸಾಮಾನ್ಯವಾಗಿ ಏಳೂವರೆ–ಎಂಟರ ಹೊತ್ತಿಗೆ. ಏಳಕ್ಕೇ ರೆಕಾರ್ಡಿಂಗ್ ಶುರು ಮಾಡಿ, ಖಾಲಿ ಆಕಾಶವೂ ದಾಖಲಾಗಲಿ. ಮೊದಲ ಎಕೋ ಎಷ್ಟು ಹೊತ್ತಿಗೆ ಬಂತು ಅನ್ನುವುದಕ್ಕೆ ಅದರ ಹಿಂದಿನ ಖಾಲಿ ಅರ್ಧ ಗಂಟೆಯೇ ಸಾಕ್ಷಿ.

ಸಮಯ ಬರೆಯುವಾಗ ಭಾರತೀಯ ಕಾಲಮಾನವೋ ಸ್ಥಳೀಯ ಸೌರ ಸಮಯವೋ ಅಂತ ಸ್ಪಷ್ಟವಾಗಿ ಬರೆಯಿರಿ. ಗಾದಂಕಿಗೆ ಎರಡರ ನಡುವೆ ಸುಮಾರು 13 ನಿಮಿಷ ವ್ಯತ್ಯಾಸ.

ತಿಂಗಳುಗಳ ಮಾತು: ಭಾರತದ ರೇಖಾಂಶದಲ್ಲಿ ಮಾರ್ಚ್–ಏಪ್ರಿಲ್ ಮತ್ತು ಸೆಪ್ಟೆಂಬರ್–ಅಕ್ಟೋಬರ್ ಒಳ್ಳೆಯ ಸುಗ್ಗಿ. ಕಾರಣವನ್ನು 1985ರಲ್ಲಿ ಸುನೋಡಾ ಚೆನ್ನಾಗಿ ವಿವರಿಸಿದರು. ಒಂದೇ ಕಾಂತರೇಖೆಯ ಉತ್ತರ ಮತ್ತು ದಕ್ಷಿಣದ ತುದಿಗಳಲ್ಲಿ ಇ ಪದರಕ್ಕೆ ಒಟ್ಟಿಗೇ ಕತ್ತಲಾದರೆ ಪೂರ್ವದ ವಿದ್ಯುತ್ ಕ್ಷೇತ್ರ ಚೆನ್ನಾಗಿ ಏರುತ್ತದೆ. ನಮ್ಮಲ್ಲಿ ಕಾಂತರೇಖೆಗಳು ಬಹುತೇಕ ನೇರ ಉತ್ತರ–ದಕ್ಷಿಣ, ಹಾಗಾಗಿ ಅದು ವಿಷುವದಲ್ಲಿ ಆಗುತ್ತದೆ. ಬ್ರೆಜಿಲ್‌ನಲ್ಲಿ ರೇಖೆಗಳು ಓರೆ, ಅಲ್ಲಿ ಡಿಸೆಂಬರ್ ಸುತ್ತ ಆಗುತ್ತದೆ. ಸೂರ್ಯನ ಚಟುವಟಿಕೆ ಜಾಸ್ತಿ ಇದ್ದ ವರ್ಷಗಳಲ್ಲಿ ಎಲ್ಲವೂ ಜೋರು. ಈಚಿನ ಸೌರ ಗರಿಷ್ಠ 2024ರ ಆಸುಪಾಸಿನದು. ಆ ವರ್ಷಗಳ ವಿಷುವದ ರಾತ್ರಿಗಳನ್ನು ಮೊದಲು ತೆಗೆದುಕೊಳ್ಳಿ.

ಆಮೇಲೆ, ಬೇಕಿದ್ದರೆ, ಅದಕ್ಕೆ ತದ್ವಿರುದ್ಧದ್ದನ್ನು ನೋಡಿ. 2008–09ರ ಆಳವಾದ ಸೌರ ಕನಿಷ್ಠದ ಜೂನ್–ಜುಲೈ ರಾತ್ರಿಗಳಲ್ಲಿ ಮಧ್ಯರಾತ್ರಿಯ ನಂತರ ಶುರುವಾಗುವ ಎಕೋಗಳು ಗಾದಂಕಿಯಲ್ಲಿ ಸಿಕ್ಕಿವೆ. ಸಂಜೆಯ ಕಥೆಯಿಂದ ಅವನ್ನು ವಿವರಿಸಲಾಗುವುದಿಲ್ಲ. ನನಗೆ ವೈಯಕ್ತಿಕವಾಗಿ ಅವೇ ಜಾಸ್ತಿ ಇಷ್ಟ, ಆದರೆ ಹೊಸಬರು ಅಲ್ಲಿಂದ ಶುರು ಮಾಡಿದರೆ ಸುಮ್ನೆ ತಲೆ ಕೆಡಿಸಿಕೊಳ್ಳುತ್ತಾರೆ.

ಭೂಕಾಂತೀಯ ಬಿರುಗಾಳಿಯ ರಾತ್ರಿಗಳನ್ನು ಬೇರೆ ಕಟ್ಟಿಡಿ. ಕೆಪಿ ಸೂಚ್ಯಂಕ (ಭೂಕಾಂತೀಯ ಕಲಕಾಟದ ಅಳತೆ) 3ಕ್ಕಿಂತ ಕಡಿಮೆ ಇರುವ ರಾತ್ರಿಗಳು ಮೊದಲು. 2015ರ ಮಾರ್ಚ್ 17ರಂಥ ದಿನ, ಡಿಎಸ್‌ಟಿ ಸೂಚ್ಯಂಕ (ಬಿರುಗಾಳಿಯ ಬಲದ ಅಳತೆ, ಇಳಿದಷ್ಟೂ ಜೋರು) −200 ನ್ಯಾನೊಟೆಸ್ಲಾಗಿಂತ ಕೆಳಗೆ ಇಳಿದಾಗ, ಹೊರಗಿನಿಂದ ಬಂದ ವಿದ್ಯುತ್ ಕ್ಷೇತ್ರ ಸಂಜೆಯ ಸಹಜ ಕ್ರಮವನ್ನೇ ಬದಲಿಸಿಬಿಡುತ್ತದೆ.

ಪಲ್ಸ್ ಲೆಕ್ಕ

ಇದು ಬೋರ್ ಅನಿಸಬಹುದು. ಆದರೂ ತಾಳ್ಮೆಯಿಂದ ಓದಿ, ಯಾಕೆಂದರೆ ಬೇರೆಯವರ ಡೇಟಾ ಬಳಸುವಾಗಲೂ ಇದೇ ಲೆಕ್ಕದಿಂದ ಆ ಡೇಟಾ ಏನನ್ನು ತೋರಿಸಬಲ್ಲದು, ಏನನ್ನು ತೋರಿಸಲಾರದು ಅಂತ ತಿಳಿಯುತ್ತದೆ.

ಎರಡು ಪಲ್ಸ್‌ಗಳ ನಡುವಿನ ಅಂತರ 1 ಮಿಲಿಸೆಕೆಂಡ್ ಇದ್ದರೆ 150 ಕಿ.ಮೀ. ತನಕ ಗೊಂದಲವಿಲ್ಲದೆ ನೋಡಬಹುದು. 4 ಮಿಲಿಸೆಕೆಂಡ್ ಇದ್ದರೆ 600 ಕಿ.ಮೀ. ಅದಕ್ಕಿಂತ ಆಚೆಯಿಂದ ಬಂದ ಎಕೋ ಮುಂದಿನ ಪಲ್ಸ್‌ನ ಲೆಕ್ಕಕ್ಕೆ ಜಮಾ ಆಗುತ್ತದೆ. 700 ಕಿ.ಮೀ.ನಲ್ಲಿರುವ ಪ್ಲೂಮ್ ನಿಮ್ಮ ಚಿತ್ರದಲ್ಲಿ 100 ಕಿ.ಮೀ.ನಲ್ಲಿ ಕಾಣುತ್ತದೆ. ಸರಿಯಾಗಿ ಇ ಪದರದ ಜಾಗದಲ್ಲಿ! ರಾತ್ರಿ ಇ ಪದರದಿಂದಲೂ ನಿಜವಾದ ಎಕೋಗಳು ಬರುತ್ತವೆ, ಆದ್ದರಿಂದ ಇದು ಕೆಟ್ಟ ಮೋಸ. ಅನುಮಾನ ಬಂದರೆ ಪಲ್ಸ್ ಅಂತರವನ್ನು 4ರಿಂದ 5 ಮಿಲಿಸೆಕೆಂಡ್‌ಗೆ ಬದಲಿಸಿ. ನಿಜವಾದ ಇ ಪದರದ ಎಕೋ 100 ಕಿ.ಮೀ.ನಲ್ಲೇ ನಿಲ್ಲುತ್ತದೆ, ಸುಳ್ಳು ಎಕೋ ಹಾರಿ 700ಕ್ಕೆ ಹೋಗಿ ಕೂರುತ್ತದೆ.

ಹಾಗಾದರೆ ಅಂತರವನ್ನು ದೊಡ್ಡದಾಗಿ ಇಟ್ಟುಬಿಡೋಣ ಅಂದರೆ ವೇಗದ ಕಡೆಯಿಂದ ಪೆಟ್ಟು ಬೀಳುತ್ತದೆ. ಎಕೋದ ಫ್ರೀಕ್ವೆನ್ಸಿ ಎಷ್ಟು ಸರಿಯಿತು (ಇದೇ ಡಾಪ್ಲರ್) ಅನ್ನುವುದರಿಂದ ವೇಗ ತಿಳಿಯುತ್ತದೆ. ಅಳೆಯಬಹುದಾದ ಗರಿಷ್ಠ ವೇಗ ಅಂದರೆ ಅಲೆಯ ಉದ್ದವನ್ನು ಪಲ್ಸ್ ಅಂತರದ ನಾಲ್ಕು ಪಟ್ಟಿನಿಂದ ಭಾಗಿಸಿದಷ್ಟು. 53 ಮೆಗಾಹರ್ಟ್ಸ್‌ಗೆ 4 ಮಿಲಿಸೆಕೆಂಡ್‌ನಲ್ಲಿ ಸೆಕೆಂಡಿಗೆ ಸುಮಾರು 354 ಮೀಟರ್. 1,000 ಕಿ.ಮೀ. ನೋಡಲು 6.67 ಮಿಲಿಸೆಕೆಂಡ್ ಇಟ್ಟರೆ 212 ಮೀಟರ್. 1,500 ಕಿ.ಮೀ. ಬೇಕು ಅಂತ 10 ಮಿಲಿಸೆಕೆಂಡ್ ಇಟ್ಟರೆ 142 ಮೀಟರ್. ಜೋರಾದ ಪ್ಲೂಮ್‌ನೊಳಗೆ ವೇಗ ಸೆಕೆಂಡಿಗೆ ನೂರಾರು ಮೀಟರ್ ಇರುತ್ತದೆ, ಮೇಲಕ್ಕೆ ಹೋಗುತ್ತಿರುವುದು ಸ್ಪೆಕ್ಟ್ರಮ್‌ನ (ಯಾವ ವೇಗದಿಂದ ಎಷ್ಟು ಎಕೋ ಬಂತು ಅನ್ನುವ ನಕ್ಷೆಯ) ಅಂಚಿನಲ್ಲಿ ಮಡಚಿಕೊಂಡು ಕೆಳಗೆ ಬರುತ್ತಿರುವಂತೆ ಕಾಣುತ್ತದೆ. ಎತ್ತರವೂ ವೇಗವೂ ಎರಡೂ ಪೂರ್ತಿ ಬೇಕು ಅಂದರೆ ಸಾಮಾನ್ಯ ಪಲ್ಸ್ ವಿಧಾನದಲ್ಲಿ ಸಿಗುವುದಿಲ್ಲ. ನಾನಾದರೆ ಎತ್ತರಕ್ಕೆ ಆದ್ಯತೆ ಕೊಡುತ್ತೇನೆ. ವೇಗ ಮಡಚಿಕೊಂಡದ್ದನ್ನು ಅಕ್ಕಪಕ್ಕದ ಎತ್ತರಗಳನ್ನು ನೋಡಿ ಬಿಡಿಸಬಹುದು, ತಪ್ಪು ಎತ್ತರದಲ್ಲಿ ಒಂದರ ಮೇಲೊಂದು ಬಿದ್ದ ಎಕೋಗಳನ್ನು ಬಿಡಿಸುವುದು ನರಕ.

ಪಲ್ಸ್ ಅಗಲ 16 ಮೈಕ್ರೋಸೆಕೆಂಡ್ ಆದರೆ 2.4 ಕಿ.ಮೀ. ಸ್ಪಷ್ಟತೆ, 32 ಆದರೆ 4.8 ಕಿ.ಮೀ. ಎಫ್ ಪದರದ ಮೊದಲ ನೋಟಕ್ಕೆ 4.8 ಧಾರಾಳ ಸಾಕು. ಇ ಪದರಕ್ಕೆ ಸಾಲದು, ಅಲ್ಲಿ ಒಂದೆರಡು ಕಿ.ಮೀ. ದಪ್ಪದ ಪದರಗಳಿರುತ್ತವೆ.

ವೋಲ್ಟೇಜ್‌ನಿಂದ ಚಿತ್ರಕ್ಕೆ

ಸಾಧ್ಯವಿದ್ದರೆ ಕಚ್ಚಾ ವೋಲ್ಟೇಜನ್ನೇ ಉಳಿಸಿಕೊಳ್ಳಿ. ಡಿಸ್ಕ್ ತುಂಬುತ್ತದೆ, ತುಂಬಲಿ. ಒಮ್ಮೆ ಸ್ಪೆಕ್ಟ್ರಮ್ ಮಾಡಿ ಸರಾಸರಿ ತೆಗೆದರೆ ಮತ್ತೆ ಹಿಂದಕ್ಕೆ ಬರಲು ದಾರಿ ಇಲ್ಲ.

ಪ್ರತಿ ಎತ್ತರಕ್ಕೆ 128 ಪಲ್ಸ್‌ಗಳ ಮಾದರಿ ತೆಗೆದುಕೊಂಡು, ಅದನ್ನು ಫ್ರೀಕ್ವೆನ್ಸಿಗಳಾಗಿ ಬಿಡಿಸುವ ಎಫ್‌ಎಫ್‌ಟಿ ಮಾಡಿ. 6.67 ಮಿಲಿಸೆಕೆಂಡ್ ಅಂತರದಲ್ಲಿ ಇದಕ್ಕೆ 0.85 ಸೆಕೆಂಡ್ ಹಿಡಿಯುತ್ತದೆ, ವೇಗದ ಸ್ಪಷ್ಟತೆ ಸೆಕೆಂಡಿಗೆ ಸುಮಾರು 3.3 ಮೀಟರ್ ಸಿಗುತ್ತದೆ. ಅಂಥ ನಾಲ್ಕೈದು ಸ್ಪೆಕ್ಟ್ರಮ್ ಸರಾಸರಿ ಮಾಡಿ. ಅದಕ್ಕಿಂತ ಜಾಸ್ತಿ ಬೇಡ. ಕೆಳಗಿನ ವಾಯುಮಂಡಲ ನೋಡುವವರು ಮಾಡುವ ಹಾಗೆ ಎಫ್‌ಎಫ್‌ಟಿಗೆ ಮೊದಲೇ ಹತ್ತಾರು ಪಲ್ಸ್‌ಗಳನ್ನು ಕೂಡಿಸಿಬಿಟ್ಟರೆ ಇಲ್ಲಿನ ವೇಗದ ಸಿಗ್ನಲ್ ಅಳಿಸಿಹೋಗುತ್ತದೆ. ಸೊನ್ನೆ ಡಾಪ್ಲರ್‌ನಲ್ಲಿ ನಿಂತಿರುವ ಚೂಪು ಗೆರೆ ಬಹುಪಾಲು ಉಪಕರಣದ್ದೋ ಸುತ್ತಲಿನ ಗುಡ್ಡದ್ದೋ ಆಗಿರುತ್ತದೆ, ಅದನ್ನು ತೆಗೆಯಿರಿ.

ನಾಯ್ಸ್ ಮಟ್ಟವನ್ನು ಒಂದೇ ಸಂಖ್ಯೆ ಅಂತ ರಾತ್ರಿಯಿಡೀ ಬಳಸಬೇಡಿ. 50 ಮೆಗಾಹರ್ಟ್ಸ್ ಸುತ್ತ ನಾಯ್ಸ್‌ನ ಬಹುಪಾಲು ಆಕಾಶಗಂಗೆಯಿಂದಲೇ ಬರುತ್ತದೆ. ಬೀಮ್ ಅದರ ದಟ್ಟ ಭಾಗವನ್ನು ಹಾದುಹೋಗುವಾಗ ನಾಯ್ಸ್ ಏರಿ, ಅದೇ ಎಕೋ ಮಂಕಾದಂತೆ ಕಾಣುತ್ತದೆ. ಪ್ರತಿ ಪ್ರೊಫೈಲ್‌ಗೂ ಬೇರೆಯಾಗಿ ಅಂದಾಜು ಮಾಡಿ. ಹಿಲ್ಡೆಬ್ರಾಂಡ್ ಮತ್ತು ಸೆಖೋನ್ 1974ರಲ್ಲಿ ಕೊಟ್ಟ ವಿಧಾನ ಇವತ್ತಿಗೂ ನಡೆಯುತ್ತದೆ. ಆಮೇಲೆ ಸ್ಪೆಕ್ಟ್ರಮ್‌ನಿಂದ ಒಟ್ಟು ಪವರ್, ಸರಾಸರಿ ಡಾಪ್ಲರ್, ಅಗಲ ಮೂರನ್ನೂ ತೆಗೆದು, ಪವರನ್ನು ಡೆಸಿಬಲ್‌ನಲ್ಲಿ ಎತ್ತರ–ಸಮಯದ ನಕ್ಷೆಯಾಗಿ ಬಿಡಿಸಿ.

ಬಣ್ಣದ ಅಳತೆಯನ್ನು ಎಲ್ಲ ರಾತ್ರಿಗಳಿಗೂ ಒಂದೇ ಇಡಿ. ಸಾಫ್ಟ್‌ವೇರ್ ತಾನೇ ಆರಿಸಿಕೊಳ್ಳಲು ಬಿಟ್ಟರೆ ದುರ್ಬಲ ರಾತ್ರಿಯೂ ಭಯಂಕರ ಕೆಂಪಾಗಿ ಕಾಣುತ್ತದೆ.

ಚಿತ್ರ ಓದುವುದು

ಮೊದಲು ಕಸ ಗುರುತಿಸಿ. 80ರಿಂದ 110 ಕಿ.ಮೀ. ನಡುವೆ ಕ್ಷಣಮಾತ್ರ ಮಿನುಗಿ ಹೋಗುವ ಚುಕ್ಕೆಗಳು ಉಲ್ಕೆಗಳ ಜಾಡು. ನೂರಾರು ಕಿ.ಮೀ. ಎತ್ತರದಲ್ಲಿ ಒಂದೇ ಒಂದು ಕಡೆ ಚೂಪಾಗಿ ಬಂದು ಮಾಯವಾಗುವುದು ಉಪಗ್ರಹವೋ ಅದರ ಚೂರೋ ಇರಬಹುದು. ಎಲ್ಲ ಎತ್ತರಕ್ಕೂ ಒಟ್ಟಿಗೆ ಎದ್ದ ಲಂಬ ಗೆರೆ ಹೊರಗಿನ ಸಿಗ್ನಲ್, ಮಿಂಚೂ ಇರಬಹುದು. 150 ಕಿ.ಮೀ. ಸುತ್ತ ಹಗಲಲ್ಲಿ ಬರುವ ಎಕೋಗಳ ಬಗ್ಗೆ ಓದಿರುತ್ತೀರಿ. ಅವು ಹಗಲಿನವು. ರಾತ್ರಿ ಆ ಎತ್ತರದಲ್ಲಿ ಏನಾದರೂ ಕಂಡರೆ ಮೊದಲು ಪಲ್ಸ್ ಅಂತರವನ್ನು ಅನುಮಾನಿಸಿ.

ಉಳಿದದ್ದರಲ್ಲಿ ಸಾಮಾನ್ಯವಾಗಿ ಮೂರು ಬಗೆ ಕಾಣುತ್ತವೆ. ಎಫ್ ಪದರದ ತಳದಲ್ಲಿ ತೆಳುವಾಗಿ, ಹೆಚ್ಚು ಏರಿಳಿತವಿಲ್ಲದೆ ಗಂಟೆಗಟ್ಟಲೆ ನಿಲ್ಲುವ ಪಟ್ಟಿ ಒಂದು. ಅದೇ ಜಾಗದಲ್ಲಿ ದಪ್ಪಗೆ, ಒಳಗೆ ರಚನೆ ಇರುವ ಇನ್ನೊಂದು. ಪದರದ ತುದಿಯನ್ನು ಸೀಳಿಕೊಂಡು ಮೇಲಕ್ಕೆ, ಕೆಲವೊಮ್ಮೆ 1,000 ಕಿ.ಮೀ. ದಾಟಿ ಹೋಗುವ ಪ್ಲೂಮ್ ಮೂರನೆಯದು. ಹಿಕಾಮಾರ್ಕಾದ ಒಳ್ಳೆಯ ರಾತ್ರಿಯಲ್ಲಿ ಮೂರೂ ಒಂದರ ಹಿಂದೆ ಒಂದು ಬರುತ್ತವೆ.

ಈಗ ಎಲ್ಲರೂ ಎಡವುವ ಜಾಗ. ನಕ್ಷೆಯ ಅಡ್ಡ ಅಕ್ಷದಲ್ಲಿ ಸಮಯ ಅಂತ ಬರೆದಿರುತ್ತದೆ. ಆದರೆ ರಾತ್ರಿ ಪ್ಲಾಸ್ಮಾ ಪೂರ್ವಕ್ಕೆ ಸೆಕೆಂಡಿಗೆ 100–150 ಮೀಟರ್ ವೇಗದಲ್ಲಿ ಓಡುತ್ತಿರುತ್ತದೆ. 350 ಕಿ.ಮೀ. ಎತ್ತರದಲ್ಲಿ 3 ಡಿಗ್ರಿ ಬೀಮ್ ಅಂದರೆ ಸುಮಾರು 18 ಕಿ.ಮೀ. ಅಗಲ, ಅದನ್ನು 120 ಮೀಟರ್ ವೇಗದ ಏರುಪೇರು ಎರಡೂವರೆ ನಿಮಿಷದಲ್ಲಿ ದಾಟುತ್ತದೆ. ಹಾಗಾಗಿ ಚಿತ್ರದಲ್ಲಿ ಒಂದು ಗಂಟೆ ಕಾಣುವ ಪ್ಲೂಮ್ ಒಂದು ಗಂಟೆ ಬದುಕಿದ ಪ್ಲೂಮ್ ಆಗಬೇಕಿಲ್ಲ, 400 ಕಿ.ಮೀ. ಅಗಲದ ಒಂದು ಗುಂಪು ನಿಮ್ಮ ಬೀಮ್ ಮುಂದೆ ಮೆರವಣಿಗೆ ಹೋಗಿರಬಹುದು, ಅದು ಹುಟ್ಟಿದ್ದು ಪಶ್ಚಿಮದಲ್ಲಿ ಇನ್ನೆಲ್ಲೋ, ಇನ್ನೊಂದು ಗಂಟೆ ಮೊದಲೇ ಇರಬಹುದು. ಸಮಯದ ಬೆಳವಣಿಗೆಯೋ ಜಾಗದ ರಚನೆಯೋ ಅಂತ ಒಂದೇ ಬೀಮ್‌ನ ನಕ್ಷೆ ಹೇಳುವುದಿಲ್ಲ.

ಇದರಿಂದಲೇ ಇನ್ನೊಂದು ಮೋಸ. ಪ್ಲೂಮ್‌ಗಳು ಸಾಮಾನ್ಯವಾಗಿ ಎತ್ತರಕ್ಕೆ ಹೋದಂತೆ ಪಶ್ಚಿಮಕ್ಕೆ ವಾಲಿರುತ್ತವೆ. ಪೂರ್ವಕ್ಕೆ ಓಡುವಾಗ ಅದರ ಬುಡ ಮೊದಲು ಬೀಮ್‌ಗೆ ಬರುತ್ತದೆ, ತಲೆ ಆಮೇಲೆ. ಚಿತ್ರದಲ್ಲಿ ಮಾತ್ರ ಎಕೋ ನಿಧಾನವಾಗಿ ಮೇಲೇರಿದಂತೆ ಕಾಣುತ್ತದೆ. ಆ ಓರೆಯನ್ನು ಸ್ಕೇಲ್ ಇಟ್ಟು ಅಳೆದು ಏರುವ ವೇಗ ಅಂತ ಬರೆದ ಥೀಸಿಸ್‌ಗಳು ಇಲ್ಲದಿಲ್ಲ. ಡಾಪ್ಲರ್ ಜೊತೆ ಹೋಲಿಸಿ. ಓರೆಯಿಂದ 250 ಮೀಟರ್ ಬಂದು ಡಾಪ್ಲರ್ 80 ಹೇಳುತ್ತಿದ್ದರೆ ನೀವು ನೋಡುತ್ತಿರುವುದು ಬಹುಪಾಲು ವಾಲಿದ ಪ್ಲೂಮ್ ಹಾದುಹೋಗುವುದನ್ನು.

ಡಾಪ್ಲರ್‌ಗೂ ಅದರದೇ ಷರತ್ತುಗಳಿವೆ. ಬೀಮ್‌ನ ದಿಕ್ಕಿನ ವೇಗ ಮಾತ್ರ ಅದು, ಪೂರ್ವದ ಓಟ ಅದರಲ್ಲಿ ಇಲ್ಲ. ಅದು ಬೇಕಿದ್ದರೆ ಪೂರ್ವ–ಪಶ್ಚಿಮಕ್ಕೆ ಹಲವು ಬೀಮ್ ಬೇಕು, ಇಲ್ಲವೇ ದೂರ ದೂರ ಇಟ್ಟ ಆಂಟೆನಾ ಗುಂಪುಗಳ ಇಂಟರ್‌ಫೆರೋಮೆಟ್ರಿ (ಅವಕ್ಕೆ ಬಂದ ಎಕೋಗಳನ್ನು ಹೋಲಿಸುವ ವಿಧಾನ). ಮೇಲಕ್ಕೆ ಹೋಗುವುದು ಪ್ಲಸ್ಸೋ ಮೈನಸ್ಸೋ ಅನ್ನುವುದು ಡೇಟಾದಿಂದ ಡೇಟಾಗೆ ಬದಲಾಗುತ್ತದೆ, ಫೈಲ್‌ನ ಟಿಪ್ಪಣಿ ಓದದೆ ಮುಂದೆ ಹೋಗಬೇಡಿ. ಸ್ಪೆಕ್ಟ್ರಮ್ ಬಹಳ ಅಗಲವಾಗಿದ್ದರೆ, ಅದರಲ್ಲಿ ಎರಡು ಗುಡ್ಡಗಳಿದ್ದರೆ, ಸರಾಸರಿ ವೇಗಕ್ಕೆ ಅರ್ಥ ಕಡಿಮೆ. ಅಂಥ ಕಡೆ ಸರಾಸರಿಯ ನಕ್ಷೆ ಪಕ್ಕಕ್ಕಿಟ್ಟು ಸ್ಪೆಕ್ಟ್ರಮ್‌ಗಳನ್ನೇ ಒಂದೊಂದಾಗಿ ನೋಡಿ.

ರೇಡಾರ್ ಸುಮ್ಮನಾದಾಗ

ಮಧ್ಯರಾತ್ರಿ ದಾಟಿದ ಮೇಲೆ ಎಕೋ ನಿಂತುಹೋಯಿತು ಅನ್ನಿ. ಗುಳ್ಳೆ ಮುಚ್ಚಿಹೋಯಿತು ಅಂತ ಬರೆಯಬೇಡಿ. ಹುಟ್ಟುವ ಹೊತ್ತಿನಲ್ಲಿ ಕಿಲೋಮೀಟರ್ ಅಳತೆಯದೂ 3 ಮೀಟರ್‌ನದೂ ಒಟ್ಟಿಗೇ ಇರುತ್ತವೆ. ಸೊರಗುವಾಗ ಸಣ್ಣವು ಮೊದಲು ಸಾಯುತ್ತವೆ, ದೊಡ್ಡವು ಉಳಿಯುತ್ತವೆ. ರೇಡಾರ್ ನಕ್ಷೆ ಖಾಲಿ ಇರುವಾಗಲೂ ಅಯನೋಸೋಂಡ್‌ನಲ್ಲಿ ಗೆರೆ ಚೆದುರಿರುತ್ತದೆ. ಜಿಪಿಎಸ್ ಸಿಗ್ನಲ್ ಕೂಡ ನಡುಗುತ್ತಿರಬಹುದು, ಯಾಕೆಂದರೆ ಜಿಪಿಎಸ್‌ನ ಎಲ್1 ಸಿಗ್ನಲ್ಲನ್ನು ನಡುಗಿಸುವುದು ಮುಖ್ಯವಾಗಿ 350–400 ಮೀಟರ್ ಅಳತೆಯ ಏರುಪೇರು, 3 ಮೀಟರ್‌ನದಲ್ಲ.

ಅದಕ್ಕೇ ರೇಡಾರ್ ಜೊತೆ ಇನ್ನೊಂದು ಕಣ್ಣು ಬೇಕೇ ಬೇಕು. ಅಯನೋಸೋಂಡ್ ಇದ್ದರೆ ಸಂಜೆ ಪದರದ ತಳ ಎಷ್ಟು ಎತ್ತರಕ್ಕೆ ಹೋಯಿತು ಅಂತ ಸಿಗುತ್ತದೆ. ಅದು 300–350 ಕಿ.ಮೀ. ದಾಟದ ಸಂಜೆಗಳಲ್ಲಿ ಸಾಮಾನ್ಯವಾಗಿ ದೊಡ್ಡ ನಿರೀಕ್ಷೆ ಬೇಡ. 630 ನ್ಯಾನೊಮೀಟರ್ ಬೆಳಕಿನ ಕ್ಯಾಮೆರಾ ಇದ್ದರೆ ಗುಳ್ಳೆಗಳು ಉತ್ತರ–ದಕ್ಷಿಣ ಚಾಚಿದ ಕಪ್ಪು ಪಟ್ಟೆಗಳಾಗಿ ಕಾಣುತ್ತವೆ. ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿ ಮಾತ್ರ.

ಎಲ್ಲಕ್ಕಿಂತ ಸುಲಭ ಜಿಪಿಎಸ್ ರಿಸೀವರ್. ಇಲ್ಲಿ ಬೆಂಗಳೂರಿನವರಿಗೆ ಒಂದು ಚೆಂದದ ಅನುಕೂಲ ಇದೆ. ಗಾದಂಕಿ ಬೆಂಗಳೂರಿನಿಂದ ಪೂರ್ವಕ್ಕೆ ಸುಮಾರು 175 ಕಿ.ಮೀ. ಸೆಕೆಂಡಿಗೆ 120 ಮೀಟರ್ ಓಡುವ ಗುಳ್ಳೆ ಬೆಂಗಳೂರಿನ ರೇಖಾಂಶ ದಾಟಿ ಸುಮಾರು 25 ನಿಮಿಷಕ್ಕೆ ಗಾದಂಕಿಯ ರೇಖಾಂಶಕ್ಕೆ ಬರುತ್ತದೆ. ನಿಮ್ಮ ಕಾಲೇಜಿನ ಮಹಡಿ ಮೇಲೆ, ಸೆಕೆಂಡಿಗೆ ಹತ್ತಾರು ಬಾರಿ ಸಿಗ್ನಲ್ ಬಲ ದಾಖಲಿಸುವ ರಿಸೀವರ್ ಇಟ್ಟು ಎಸ್4 ಸೂಚ್ಯಂಕ (ಸಿಗ್ನಲ್ ಬಲ ಎಷ್ಟು ನಡುಗಿತು ಅನ್ನುವ ಅಳತೆ) ಲೆಕ್ಕ ಹಾಕಿ, ಅದನ್ನು ರೇಡಾರ್ ನಕ್ಷೆಯ ಪಕ್ಕ ಇಟ್ಟರೆ ಗುಳ್ಳೆ ತೇಲಿ ಬಂದದ್ದೋ ಅಲ್ಲೇ ಹುಟ್ಟಿದ್ದೋ ಅನ್ನುವ ಪ್ರಶ್ನೆಗೆ ಕೈ ಹಾಕಬಹುದು. ಉಪಗ್ರಹ ನೆತ್ತಿಯ ಮೇಲೆ ಇರುವುದಿಲ್ಲ, ಹಾಗಾಗಿ 350 ಕಿ.ಮೀ. ಎತ್ತರದಲ್ಲಿ ಸಿಗ್ನಲ್ ಎಲ್ಲಿ ತೂರಿ ಬಂತು ಅಂತ ಮೊದಲು ಲೆಕ್ಕ ಹಾಕಿಕೊಳ್ಳಿ. 30 ಡಿಗ್ರಿಗಿಂತ ಕೆಳಗಿನ ಉಪಗ್ರಹಗಳನ್ನು ಬಿಡಿ, ಕಟ್ಟಡಗಳಿಂದ ತಟ್ಟಿ ಬಂದ ಸಿಗ್ನಲ್ ಕೂಡ ನಡುಗಿದಂತೆಯೇ ಕಾಣುತ್ತದೆ. ವಿಮಾನಗಳಿಗೆ ದಾರಿ ತೋರಿಸುವ ಗಗನ್ ವ್ಯವಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರ ಇರುವುದೂ ಬೆಂಗಳೂರಿನ ಕುಂದಲಹಳ್ಳಿಯಲ್ಲೇ. ಈ ಗುಳ್ಳೆಗಳು ಅವರಿಗೆ ದೊಡ್ಡ ತಲೆನೋವು.

ಇವತ್ತೇ ಶುರು ಮಾಡುವುದಾದರೆ

ಗಾದಂಕಿಯ ಸಮಯ ಸಿಗುವ ತನಕ ಕಾಯಬೇಕಿಲ್ಲ. ಹಿಕಾಮಾರ್ಕಾದ ಡೇಟಾ ಮ್ಯಾಡ್ರಿಗಲ್ ಎಂಬ ಮುಕ್ತ ಭಂಡಾರದಲ್ಲಿದೆ. ಹೆಸರು ಮತ್ತು ಈಮೇಲ್ ಕೊಟ್ಟು ಎಚ್‌ಡಿಎಫ್5 ಫೈಲ್ ಇಳಿಸಿಕೊಳ್ಳಬಹುದು, ಪೈಥಾನ್‌ನಲ್ಲಿ ತೆರೆಯಬಹುದು. ಜೂಲಿಯಾ ಅನ್ನುವ ಹೆಸರಿನಲ್ಲಿರುವುದು ಕಡಿಮೆ ಪವರ್‌ನಲ್ಲಿ ಅನೇಕ ರಾತ್ರಿ ನಡೆಸಿದ ವೀಕ್ಷಣೆ, ಹೊಸಬರಿಗೆ ಅದೇ ಒಳ್ಳೆಯದು. ಸಮಯ ಯುಟಿಯಲ್ಲಿ (ಗ್ರೀನ್‌ವಿಚ್ ಸಮಯದಲ್ಲಿ) ಇರುತ್ತದೆ. ಲೀಮಾದ ಸಮಯ ಅದಕ್ಕಿಂತ 5 ಗಂಟೆ ಹಿಂದೆ, ಹಾಗಾಗಿ ಅಲ್ಲಿನ ಸಂಜೆ 7 ಗಂಟೆ ನಿಮ್ಮ ಫೈಲ್‌ನಲ್ಲಿ ಮರುದಿನದ 0 ಗಂಟೆ. ದಿನಾಂಕ ತಪ್ಪಿ ಬೇರೆ ರಾತ್ರಿಯ ಕೆಪಿ ಹಚ್ಚಿಕೊಳ್ಳುವುದು ಇಲ್ಲಿಯೇ. ಪ್ರಕಟಿಸುವ ಮೊದಲು ಡೇಟಾ ಕೊಟ್ಟವರಿಗೆ ಪತ್ರ ಬರೆಯುವುದು ಅಲ್ಲಿನ ನಿಯಮ. ಬರೆಯಿರಿ, ಫೈಲ್‌ನಲ್ಲಿ ಇಲ್ಲದ ಎಷ್ಟೋ ವಿಷಯ, ಆ ರಾತ್ರಿ ಯಾವ ಟ್ರಾನ್ಸ್‌ಮಿಟರ್ ಕೆಟ್ಟಿತ್ತು ಅನ್ನುವಂಥದ್ದು, ಅವರಿಂದಲೇ ತಿಳಿಯುತ್ತದೆ.

ಮೊದಲ ಸಲಕ್ಕೆ ಒಂದೇ ತಿಂಗಳಿನ ಶಾಂತ ರಾತ್ರಿಗಳನ್ನು ಆರಿಸಿ, ಪ್ಲೂಮ್ ಬಂದವು ಮತ್ತು ಬಾರದವು ಎರಡೂ ಇರಲಿ. ಎಲ್ಲಕ್ಕೂ ಒಂದೇ ಬಣ್ಣದ ಅಳತೆ, ಒಂದೇ ಎತ್ತರದ ಮಿತಿ. ಪ್ರತಿ ನಕ್ಷೆಯ ಕೆಳಗೆ ರೇಡಾರ್‌ನ ಫ್ರೀಕ್ವೆನ್ಸಿ, ಪಲ್ಸ್ ಅಂತರ, ಬೀಮ್ ಕೋನ, ಅಳೆಯಬಹುದಾದ ಗರಿಷ್ಠ ವೇಗ ನಾಲ್ಕನ್ನೂ ಬರೆಯಿರಿ. ಆಮೇಲೆ ಅಯನೋಸೋಂಡ್ ಡೇಟಾದಿಂದ ಅದೇ ಸಂಜೆಗಳ ಪದರದ ಎತ್ತರ ತೆಗೆದು ಪಕ್ಕದಲ್ಲಿಡಿ. ಎತ್ತರಕ್ಕೆ ಏರಿದ್ದೂ ಪ್ಲೂಮ್ ಬಾರದ ಸಂಜೆ ಒಂದಾದರೂ ಸಿಕ್ಕೇ ಸಿಗುತ್ತದೆ. ಅದು ಯಾಕೆ ಬರಲಿಲ್ಲ ಅನ್ನುವುದನ್ನು ಹಿಡಿದು ಕೂರಿ. ನಿಮ್ಮ ಪ್ರಾಜೆಕ್ಟ್ ವಿಷಯ ಬಹುಶಃ ಅದೇ.